ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಪಿಎಚ್‌.ಡಿ.: ಕೊಟ್ಟ ವಿಷಯ ಹಿಡಿಯಲೇ, ನನ್ನನ್ನು ಕಾಡುವ ವಿಷಯ ಹಿಡಿಯಲೇ?

ಭದ್ರಾ ನಾಲೆ

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾಳಿ ಕಡೆಯವಳು, ವಯಸ್ಸು 26. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿದು ಎರಡು ವರ್ಷವಾಯಿತು. ಈಗ ಒಂದು ಖಾಸಗಿ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೇನೆ. ನೆಟ್ ಪರೀಕ್ಷೆಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್‌.ಡಿ. ಪ್ರವೇಶಕ್ಕೂ ಅರ್ಹತೆ ಸಿಕ್ಕಿದೆ. ಸಂಶೋಧನೆಗೆ ತಿಂಗಳ ಸಹಾಯಧನ ಕೊಡುವ ಜೆಆರ್‌ಎಫ್ ಸ್ವಲ್ಪದರಲ್ಲಿ ತಪ್ಪಿಹೋಯಿತು.

ಒಬ್ಬ ಮಾರ್ಗದರ್ಶಕರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ವಿಷಯವನ್ನೂ ಅವರೇ ಸೂಚಿಸಿದ್ದಾರೆ: ಒಂದು ವಿದೇಶಿ ಪತ್ರಿಕೆಯಲ್ಲಿ ಹತ್ತು ವರ್ಷ ಪ್ರಕಟವಾದ ಲೇಖನಗಳ ಬಿಬ್ಲಿಯೋಮೆಟ್ರಿಕ್ ಅಧ್ಯಯನ, ಅಂದರೆ ಯಾರು ಎಷ್ಟು ಬರೆದರು, ಯಾರನ್ನು ಉಲ್ಲೇಖಿಸಿದರು ಎಂಬುದರ ಎಣಿಕೆ. ಮಾಹಿತಿ ಸಿದ್ಧವಾಗಿ ಸಿಗುತ್ತದೆ, ಬೇಗ ಮುಗಿಯುತ್ತದೆ ಎಂದರು.

ನನ್ನನ್ನು ಕಾಡುತ್ತಿರುವುದು ಬೇರೆ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಕನ್ನಡ ವಿಭಾಗದ ಹಳೆಯ ಮಹಾಪ್ರಬಂಧಗಳ ಪಟ್ಟಿಯನ್ನು ಸರಿಪಡಿಸಿ ಗಣಕಕ್ಕೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬರೇ ಮಾರ್ಗದರ್ಶಕರ ಹೆಸರು ಐದು ಬಗೆಯಲ್ಲಿತ್ತು. ಇನಿಷಿಯಲ್ ಮೊದಲು, ಇನಿಷಿಯಲ್ ಕೊನೆಗೆ, ಊರಿನ ಹೆಸರು ಸೇರಿಸಿ, ‘ಡಾ.’ ಅಂಟಿಸಿ, ಒಂದು ಕಡೆಯಂತೂ ಅಡ್ಡಹೆಸರು ಮಾತ್ರ. ‘ವಚನ ಸಾಹಿತ್ಯ’ ಎಂದು ಹುಡುಕಿದರೆ ಸಿಗುವ ಪ್ರಬಂಧಗಳು ‘ಶರಣ ಸಾಹಿತ್ಯ’ ಎಂದರೆ ಸಿಗುತ್ತಿರಲಿಲ್ಲ. ಅರ್ಧ ಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಅರ್ಧ ಈಗ ಎಲ್ಲೆಡೆ ಬಳಸುವ ಯುನಿಕೋಡ್ ಸಂಕೇತದಲ್ಲಿ. ಯಾರೋ ಐದಾರು ವರ್ಷ ಊರೂರು ಅಲೆದು, ಹಾಡುಗಾರರನ್ನು ಮಾತನಾಡಿಸಿ ಬರೆದ ಪ್ರಬಂಧ ಕಪಾಟಿನಲ್ಲೇ ಇದ್ದರೂ ಹುಡುಕುವವರ ಪಾಲಿಗೆ ಅದು ಇಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇದರ ಮೇಲೆಯೇ ಸಂಶೋಧನೆ ಮಾಡಬೇಕೆಂಬ ಆಸೆ.

ನಮ್ಮದು ನಾಲೆಯ ಕೊನೆಯ ಗದ್ದೆ. ನೀರು ಬಂದ ವರ್ಷ ಬೆಳೆ, ಬಾರದ ವರ್ಷ ಸಾಲ. ‘ಐದು ವರ್ಷ ಓದಿದ ಮೇಲೆ ಕೆಲಸ ಗ್ಯಾರಂಟಿಯೇ’ ಎಂದು ಅಪ್ಪ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಈ ದಾರಿಯಲ್ಲಿ ಮುಂದೆ ಹೋದವರು ದಯವಿಟ್ಟು ತಿಳಿಸಿ.

ಹಳೆಯ ಸೂಚಿಕಾರ

ನೋಡಮ್ಮ, ನಾನು ಮೂವತ್ತನಾಲ್ಕು ವರ್ಷ ಗ್ರಂಥಾಲಯಗಳಲ್ಲಿ ದುಡಿದು ನಿವೃತ್ತನಾದವನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಪುಸ್ತಕಗಳ ಪಟ್ಟಿ ಮಾಡುವ ಸೂಚಿ ವಿಭಾಗದಲ್ಲಿ. ನೀವು ಬರೆದ ‘ಐದು ಬಗೆಯ ಹೆಸರು’ ಓದಿ ಕೈಯಲ್ಲಿದ್ದ ಕಾಫಿ ಪಕ್ಕಕ್ಕಿಟ್ಟೆ.

ಕಾರ್ಡುಗಳ ಕಾಲದಲ್ಲಿ ನಮಗೆ ಇದೇ ಕೆಲಸ. ಓದುಗ ‘ಕುವೆಂಪು’ ಎಂದು ಹುಡುಕಿಕೊಂಡು ಬರುತ್ತಾನೆ; ಇಂಗ್ಲಿಷ್ ಸೂಚಿಯಲ್ಲಿ ಯಾರೋ ‘ಪುಟ್ಟಪ್ಪ, ಕೆ.ವಿ.’ ಎಂದು ದಾಖಲಿಸಿರುತ್ತಾರೆ. ‘ಬೇಂದ್ರೆ’ ಒಂದು ಸೆಳೆಖಾನೆಯಲ್ಲಿ, ‘ಅಂಬಿಕಾತನಯದತ್ತ’ ಇನ್ನೊಂದರಲ್ಲಿ. ಒಂದು ರೂಪವನ್ನು ಗೊತ್ತುಮಾಡಿ, ಮಿಕ್ಕ ಎಲ್ಲ ರೂಪಗಳಿಂದ ಅಲ್ಲಿಗೆ ‘ನೋಡಿ’ ಎಂಬ ಕಾರ್ಡು ಹಾಕುತ್ತಿದ್ದೆವು. ಅದಕ್ಕೆ ಅಥಾರಿಟಿ ಫೈಲ್ ಎನ್ನುತ್ತಾರೆ, ನೀವು ಓದಿರುತ್ತೀರಿ. ಕಾರ್ಡು ಹೋಗಿ ಗಣಕ ಬಂದಾಗ ಎಷ್ಟೋ ಕಡೆ ಪುಸ್ತಕದ ವಿವರ ಮಾತ್ರ ಗಣಕಕ್ಕೆ ಹೋಯಿತು, ‘ನೋಡಿ’ ಕಾರ್ಡುಗಳು ತೂಕಕ್ಕೆ ಹೋದವು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಡೆಯಲು ಆಗಲಿಲ್ಲ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್‌.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆಂದು ಲಂಡನ್‌ಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ಕಂಡರು. ಅದೇ ಪಟ್ಟಿ, ಅದೇ ತಿರುಪು. ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದು ಎಂಬ ಹೊಳಹು 1933ರಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವಾಗಿ ಹೊರಬಂತು. ಇಂದು ಆನ್‌ಲೈನ್ ಅಂಗಡಿಯಲ್ಲಿ ಬಣ್ಣ, ಅಳತೆ, ಬೆಲೆ ಎಂದು ಒಂದೊಂದಾಗಿ ಆರಿಸುತ್ತಾ ಹೋಗುತ್ತೀರಲ್ಲ, ಆ ಬಗೆಯ ವಿಂಗಡಣೆಯ ಹಿಂದೆ ಇರುವುದೂ ಇಂಥದೇ ಯೋಚನೆ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನಾ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆಂಬುದು. ನಿಮ್ಮ ವಿಷಯ ಆ ನಾಲ್ಕನೆಯ ಸೂತ್ರದ್ದು. ಬಿಡಬೇಡಿ.

ಹಾವೇರಿ ರಸ್ತೆ

ತಂಗಿ, ಸರ್ ಹೇಳಿದ್ದನ್ನು ನಾನು ಗೌರವಿಸುತ್ತೇನೆ. ಆದರೆ ಅಪ್ಪ ಕೇಳಿದ ಪ್ರಶ್ನೆಗೂ ಯಾರಾದರೂ ಉತ್ತರಿಸಬೇಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕ, ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕ, ಕಾಲೇಜು ಗ್ರಂಥಪಾಲಕ, ಈ ಮೂರೂ ಶೈಕ್ಷಣಿಕ ಹಂತ 10ರಲ್ಲಿ ಬರುತ್ತವೆ. ಆರಂಭದ ಮೂಲವೇತನ 57,700 ರೂಪಾಯಿ. ಸಿಕ್ಕರೆ ನೆಮ್ಮದಿಯ ಬದುಕು. ಆದರೆ ಜಾಹೀರಾತು ಬರಬೇಕು, ಹುದ್ದೆ ನಮ್ಮ ಮೀಸಲಾತಿ ವರ್ಗಕ್ಕೆ ಹೊಂದಬೇಕು, ಬಂದ ಅಧಿಸೂಚನೆ ನ್ಯಾಯಾಲಯದ ಮೆಟ್ಟಿಲು ಹತ್ತದೆ ಉಳಿಯಬೇಕು. ನಾನು ಪಿಎಚ್‌.ಡಿ. ಮುಗಿಸಿ ಅತಿಥಿ ಉಪನ್ಯಾಸಕನಾಗಿ ಎರಡು ಕಡೆ ಪಾಠ ಮಾಡುತ್ತಿದ್ದೇನೆ. ಬೇಸಿಗೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಮಗಳ ಶಾಲೆಯ ಶುಲ್ಕ ಕಟ್ಟುವುದು ಅದೇ ತಿಂಗಳುಗಳಲ್ಲಿ.

ನನ್ನ ಪಿಎಚ್‌.ಡಿ. ವಿಷಯವೂ ನಿಮಗೆ ಸೂಚಿಸಿದಂಥದೇ. ಲೇಖನಗಳ ವಿವರ ಕೂಡಿಟ್ಟಿರುವ ಸ್ಕೋಪಸ್ ಎಂಬ ದತ್ತಕೋಶದಿಂದ ಮಾಹಿತಿ ಇಳಿಸಿಕೊಂಡೆ. ವರ್ಷವಾರು ಲೇಖನ, ಒಂದು ಲೇಖನಕ್ಕೆ ಎಷ್ಟು ಲೇಖಕರು, ಯಾವ ದೇಶದಿಂದ ಎಷ್ಟು, ಎಲ್ಲವನ್ನೂ ಎಣಿಸಿದೆ. ಯಾವ ಲೇಖಕರು ಎಷ್ಟು ಬರೆಯುತ್ತಾರೆ ಎಂಬ 1926ರ ಲೋಟ್ಕಾ ನಿಯಮ ಹಚ್ಚಿದೆ, ಒಂದು ವಿಷಯದ ಲೇಖನಗಳು ಪತ್ರಿಕೆಗಳಲ್ಲಿ ಹೇಗೆ ಹಂಚಿಹೋಗುತ್ತವೆ ಎಂಬ 1934ರ ಬ್ರಾಡ್‌ಫರ್ಡ್ ನಿಯಮ ಹಚ್ಚಿದೆ. ಹೊಂದುತ್ತದೆ ಎಂದು ಒಂದು ಅಧ್ಯಾಯ, ಪೂರ್ತಿ ಹೊಂದುವುದಿಲ್ಲ ಎಂದು ಇನ್ನೊಂದು. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹಿರಿಯರು, ‘ಈ ಪತ್ರಿಕೆಯನ್ನೇ ಏಕೆ ಆರಿಸಿದಿರಿ’ ಎಂದು ಕೇಳಿದರು. ಮಾಹಿತಿ ಸಿಗುತ್ತಿತ್ತು ಎಂಬುದನ್ನು ಬಿಟ್ಟರೆ ನನ್ನ ಬಳಿ ಕಾರಣವಿರಲಿಲ್ಲ. ಪದವಿ ಬಂತು. ಆ ಪ್ರಬಂಧವನ್ನು ಆಮೇಲೆ ನಾನೇ ತೆರೆದು ನೋಡಿಲ್ಲ.

ಆದ್ದರಿಂದ ಮೊದಲು ಜೆಆರ್‌ಎಫ್‌ಗೆ ಮತ್ತೆ ಬರೆಯಿರಿ. ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತದೆ. ವಯೋಮಿತಿ 30, ಮಹಿಳೆಯರಿಗೆ ಐದು ವರ್ಷದ ಸಡಿಲಿಕೆಯೂ ಇದೆ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಅಷ್ಟು ಕೈಯಲ್ಲಿದ್ದರೆ ನಿಮಗೆ ಬೇಕಾದ ವಿಷಯವನ್ನು ನಿಮಗೆ ಬೇಕಾದ ನಿಧಾನದಲ್ಲಿ ಮಾಡಬಹುದು. ಇನ್ನೊಂದು ಮಾತು: ನಿಮಗೀಗ ಇರುವ ನೆಟ್ ಅಂಕ ಪಿಎಚ್‌.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ದಿನಾಂಕ ನೋಡಿಕೊಳ್ಳಿ.

ಭದ್ರಾ ನಾಲೆ

ಅಣ್ಣ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ತುಂಬ ಧನ್ಯವಾದ. ಅಪ್ಪನಿಗೆ ನಿಮ್ಮ ಬರಹವನ್ನು ಓದಿ ಹೇಳಿದೆ. ‘ಸುಳ್ಳು ಹೇಳದ ಮನುಷ್ಯ’ ಎಂದರು. ಪರೀಕ್ಷೆಗೆ ಮತ್ತೆ ಓದಲು ಶುರುಮಾಡಿದ್ದೇನೆ.

ಎಣಿಕೆ

ನಾನು ಸಂಶೋಧನಾ ಬರಹಗಳನ್ನು ಎಣಿಸಿ ಅಳೆಯುವ ವಿಜ್ಞಾನಮಾಪನದಲ್ಲೇ ಸಂಶೋಧನೆ ಮಾಡುವವಳು. ಎಣಿಕೆಯೆಂದರೆ ಮೂಗು ಮುರಿಯುವ ಮಾತು ಇಲ್ಲಿ ಬಂದಿರುವುದರಿಂದ ಬರೆಯುತ್ತಿದ್ದೇನೆ. ಹಾವೇರಿ ರಸ್ತೆ ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅಲ್ಲಿ ತಪ್ಪಿದ್ದು ಎಣಿಕೆಯಿಂದಲ್ಲ, ಪ್ರಶ್ನೆಯೇ ಇಲ್ಲದೆ ಎಣಿಸಿದ್ದರಿಂದ. ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ, ಯಾವ ಲೇಖನ ಯಾವುದನ್ನು ಉಲ್ಲೇಖಿಸಿತೆಂದು ಪಟ್ಟಿಮಾಡುವ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದಾಗ ಅವರ ಮುಂದಿದ್ದದ್ದು ಒಂದು ಯೋಚನೆ ಯಾರಿಂದ ಯಾರಿಗೆ ಹರಿಯಿತು ಎಂಬ ಪ್ರಶ್ನೆ. ಅಂಕಿಗಳನ್ನು ಹಿಡಿದು ಬಡ್ತಿ ಕೊಡುವ ಪದ್ಧತಿ ಆಮೇಲೆ ಬಂದದ್ದು. ಹಿರಿಯರು ರಂಗನಾಥನ್ ಅವರನ್ನು ನೆನೆದಿದ್ದಾರೆ. ಗ್ರಂಥಾಲಯದ ಕೆಲಸಕ್ಕೆ ಗಣಿತ ಬೇಕು, ಅದಕ್ಕೆ ‘ಲೈಬ್ರಾಮೆಟ್ರಿ’ ಎನ್ನೋಣ ಎಂದು 1948ರಲ್ಲಿ ಇಂಗ್ಲೆಂಡಿನ ಸಭೆಯೊಂದರಲ್ಲಿ ಸೂಚಿಸಿದವರೂ ಅವರೇ.

ಈಗ ಭದ್ರಾ ನಾಲೆ ಅವರಿಗೆ ನೇರವಾಗಿ ಒಂದು ಮಾತು. ಪಟ್ಟಿಯನ್ನು ಸರಿಪಡಿಸುವುದು ಒಳ್ಳೆಯ ಕೆಲಸ, ಅಗತ್ಯದ ಕೆಲಸ. ಅದಕ್ಕೆ ಸಂಬಳ ಕೊಡಬೇಕು. ಆದರೆ ಅದಕ್ಕೆ ಪಿಎಚ್‌.ಡಿ. ಕೊಡುವುದಿಲ್ಲ. ಹೆಸರು ಐದು ಬಗೆಯಲ್ಲಿದೆ ಎಂದಿರಿ. ಸರಿ, ಅದರಲ್ಲಿ ನಿಮ್ಮ ಪ್ರಶ್ನೆ ಯಾವುದು? ನೀವು ಸರಿಪಡಿಸಿದ ಮೇಲೆ ಹುಡುಕಾಟ ಉತ್ತಮವಾಯಿತೆಂದು ಹೇಗೆ ತೋರಿಸುತ್ತೀರಿ? ಎಷ್ಟು ಉತ್ತಮವಾಯಿತು? ಇದಕ್ಕೆ ಉತ್ತರವಿಲ್ಲದೆ ಮಾರ್ಗದರ್ಶಕರ ಎದುರು ಹೋದರೆ ಅವರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಹಳೆಯ ಸೂಚಿಕಾರ

ಮಾತು ಖಾರವಾಗಿದೆ, ಆದರೆ ನ್ಯಾಯವಾಗಿದೆ. ಒಪ್ಪಿದೆ.

ಅರ್ಕಾವೊತ್ತು

ನಾನು ಈ ಕ್ಷೇತ್ರದವನಲ್ಲ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಿಡುವಿದ್ದಾಗ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುತ್ತೇನೆ. ನುಡಿ–ಯುನಿಕೋಡ್ ಗೋಜಲಿನಲ್ಲಿ ಎಷ್ಟೋ ರಾತ್ರಿ ಕಳೆದಿರುವುದರಿಂದ ಅಷ್ಟು ಮಾತ್ರ ಹೇಳುತ್ತೇನೆ.

ಹಳೆಯ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ತುಂಡುಗಳ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಸಾಲುಗಳು ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ನನ್ನ ಹೆಸರಿನಲ್ಲಿರುವ ಅರ್ಕಾವೊತ್ತನ್ನೇ ತೆಗೆದುಕೊಳ್ಳಿ. ‘ಕರ್ನಾಟಕ’ ಎಂದು ಕೈಯಲ್ಲಿ ಬರೆಯುವಾಗ ಅರ್ಕಾವೊತ್ತು ‘ನಾ’ ಆದ ಮೇಲೆ ಬರುತ್ತದೆ. ಹಳೆಯ ಸಂಕೇತದಲ್ಲೂ ಹಾಗೆಯೇ, ಬರೆದ ಕ್ರಮದಲ್ಲಿ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಆಮೇಲೆ ವಿರಾಮ ಎಂಬ ಸ್ವರ ತೆಗೆಯುವ ಚಿಹ್ನೆ, ಆಮೇಲೆ ನ. ಪರಿವರ್ತಕ ಅದನ್ನು ಎತ್ತಿ ಮುಂದಿಡಬೇಕು. ಒತ್ತಕ್ಷರ ಸೇರಿಕೊಂಡ ಕಡೆ ಕೆಲವೊಮ್ಮೆ ತಪ್ಪಾದ ಜಾಗದಲ್ಲಿ ಇಡುತ್ತದೆ.

ಯುನಿಕೋಡ್‌ಗೆ ಬಂದ ಮಾತ್ರಕ್ಕೂ ಮುಗಿಯುವುದಿಲ್ಲ. ‘ಸಾಫ್ಟ್‌ವೇರ್’ ಪದದ ನಡುವೆ, ಟ ಮತ್ತು ವ ಕೂಡಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರವೊಂದನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಬರಿಯ ಸಂಕೇತಗಳನ್ನು ಹೋಲಿಸುವ ಹುಡುಕಾಟಕ್ಕೆ ಅವೆರಡೂ ಬೇರೆ ಬೇರೆ ಪದಗಳು. ‘ಕೋ’ದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು, ತುಂಡುಗಳಾಗಿಯೂ ಸಂಗ್ರಹಿಸಬಹುದು; ಪರದೆಯ ಮೇಲೆ ಎರಡೂ ಒಂದೇ. ಹೀಗಾಗಿ ನಿಮ್ಮ ಐದು ಬಗೆಯ ಹೆಸರುಗಳಲ್ಲಿ ಒಂದೊಂದೂ ಒಳಗೆ ಎರಡು ಮೂರು ಬಗೆಯಾಗಿರಬಹುದು. ಪಟ್ಟಿಯನ್ನು ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಮೂಲ ಕಡತವನ್ನು ಮಾತ್ರ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಕೆಲಸ ಮಾಡಿ. ಯಾವ ದಿನ ಏನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂದು ಬರೆದಿಡಿ. ನಾನು ಒಮ್ಮೆ ಬರೆದಿಡದೆ ಒಂದು ಇಡೀ ಪುಸ್ತಕದ ಕರಡನ್ನು ಮೊದಲಿನಿಂದ ತಿದ್ದಬೇಕಾಯಿತು.

ಪೈಥಾನ್ ಕಲಿಯಬೇಕೆಂದಿದ್ದರೆ ಕೇಳಿ. ವಾರಕ್ಕೆ ಒಂದು ಗಂಟೆ ಕೊಡುತ್ತೇನೆ.

ಉತ್ತರ ಸಮುದ್ರ

ಡೆನ್‌ಹಾಗ್‌ನಿಂದ ಬರೆಯುತ್ತಿದ್ದೇನೆ. ಊರು ಶಿರಸಿ. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ‘ಡೇಟಾ ಸ್ಟೀವರ್ಡ್’ ಆಗಿ ಕೆಲಸ ಮಾಡುತ್ತೇನೆ. ಹೆಸರು ಕೇಳಿ ಅಮ್ಮ ವಿಮಾನದಲ್ಲಿ ಕೆಲಸವೇ ಎಂದು ಕೇಳಿದ್ದರು. ಸಂಶೋಧಕರು ಕೂಡಿಹಾಕಿದ ದತ್ತಾಂಶವನ್ನು ಹತ್ತು ವರ್ಷದ ನಂತರ ಬೇರೊಬ್ಬರು ತೆರೆದರೂ ಅರ್ಥವಾಗುವಂತೆ ಇಡಿಸುವುದು ನನ್ನ ಹೊಣೆ.

ಕಳೆದ ತಿಂಗಳು ಮಣ್ಣಿನ ಅಧ್ಯಯನದ ಒಂದು ಕಡತ ಬಂತು. ‘ಆಳ’ ಎಂಬ ಕಂಬಸಾಲಿನಲ್ಲಿ 20, 40, 60 ಎಂದು ಬರೆದಿದೆ. ಸೆಂಟಿಮೀಟರೇ? ಅಂಗುಲವೇ? ಬರೆದವರು ಬೇರೆ ದೇಶಕ್ಕೆ ಹೋಗಿ ನಾಲ್ಕು ವರ್ಷವಾಗಿದೆ. ಒಂದು ಪದ ಬರೆಯದಿದ್ದದ್ದಕ್ಕೆ ಮೂರು ಬೇಸಿಗೆಯ ಹೊಲದ ಕೆಲಸ ಅನುಮಾನಕ್ಕೆ ಒಳಗಾಯಿತು. ಹೊನ್ನಾಳಿಯ ತಂಗಿಯ ಪಟ್ಟಿಗೂ ಈ ಕಡತಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇಲ್ಲಿಂದ ಹತ್ತಿರದ ಲೈಡನ್ ಪಟ್ಟಣದಲ್ಲಿ 2014ರಲ್ಲಿ ನಡೆದ ಒಂದು ಸಭೆಯಲ್ಲಿ ಮೊಳೆತು, 2016ರಲ್ಲಿ ಪ್ರಕಟವಾದವು ಫೇರ್ ತತ್ವಗಳು. ದತ್ತಾಂಶ ಹುಡುಕಿದರೆ ಸಿಗಬೇಕು, ಕೈಗೆಟುಕಬೇಕು, ಬೇರೆ ದತ್ತಾಂಶದೊಡನೆ ಹೊಂದಿಕೊಳ್ಳಬೇಕು, ಮರುಬಳಕೆಗೆ ಒದಗಬೇಕು. ಓದುವಾಗಲೆಲ್ಲ ನನಗೆ ಗ್ರಂಥಾಲಯ ವಿಜ್ಞಾನದ ತರಗತಿಯ ಪಾಠಗಳೇ ನೆನಪಾಗುತ್ತವೆ. ಅಂದು ಬೇಸರಪಟ್ಟು ಬಾಯಿಪಾಠ ಮಾಡಿದ, ದಾಖಲೆಯೊಂದನ್ನು ವಿವರಿಸುವ ಡಬ್ಲಿನ್ ಕೋರ್‌ನ 15 ಅಂಶಗಳು ಇಂದು ನನ್ನ ಅನ್ನ. ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಅದನ್ನೇ: ಒಂದು ವಸ್ತುವನ್ನು ಕಾಣದವರಿಗೆ ಹೇಗೆ ವಿವರಿಸುತ್ತೀರಿ?

ಹೊರಗೆ ಬರುವ ಯೋಚನೆಯಿದ್ದರೆ ಒಂದು ಸಂಗತಿ ತಿಳಿದಿರಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌.ಡಿ. ಮಾಡುವವರು ಹೆಚ್ಚಾಗಿ ವಿಶ್ವವಿದ್ಯಾಲಯದ ಸಂಬಳದ ನೌಕರರು. ಸಾಮಾನ್ಯವಾಗಿ ನಾಲ್ಕು ವರ್ಷದ ಒಪ್ಪಂದ. ಹುದ್ದೆಗೆ ಜಾಹೀರಾತು ಬರುತ್ತದೆ, ಕೆಲಸಕ್ಕೆ ಅರ್ಜಿ ಹಾಕಿದಂತೆಯೇ ಹಾಕಬೇಕು. ಆದರೆ ಕನ್ನಡದ ಪ್ರಬಂಧಗಳ ಮೇಲಿನ ಕೆಲಸ ಇಲ್ಲಿ ಕೂತು ಆಗುವುದಿಲ್ಲ. ಅದಕ್ಕೆ ಅಲ್ಲಿಯ ಕಪಾಟುಗಳ ಎದುರು ನಿಲ್ಲಬೇಕು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿದೆ.

ಎರಡನೆಯ ಬೆಂಚು

ಪಿಎಚ್‌.ಡಿ. ಮಾಡುತ್ತಲೇ ಮಗುವಿನ ತಾಯಿಯಾದವಳು ನಾನು. ಯಾರೂ ಹೇಳದ ಕೆಲವು ನಿಯಮಗಳನ್ನು ಹೇಳಿಬಿಡುತ್ತೇನೆ, ನನಗೆ ತಡವಾಗಿ ತಿಳಿದವು ಇವು. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಇನ್ನೂ 2 ವರ್ಷ ಸಿಗಬಹುದು. ಹೆರಿಗೆ ಮತ್ತು ಶಿಶುಪಾಲನೆಗೆಂದು ಒಟ್ಟು 240 ದಿನಗಳವರೆಗೆ ರಜೆ ಇದೆ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಆ ನಿಯಮಾವಳಿ ತೆಗೆದುಹಾಕಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎಂಬ ಮಿಂಚಂಚೆಗಳು ನೋಂದಣಿಯಾದ ತಿಂಗಳಿಂದಲೇ ಬರುತ್ತವೆ. ನನ್ನ ಜೊತೆಯವಳೊಬ್ಬಳು ಚಿನ್ನ ಅಡವಿಟ್ಟು ಅಂಥ ಕಡೆ ಪ್ರಕಟಿಸಿದಳು. ಆ ಲೇಖನವನ್ನು ಆಮೇಲೆ ಯಾವ ಸಂದರ್ಶನದಲ್ಲೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾರ್ಗದರ್ಶಕರ ವಿಷಯ. ಅವರ ಕೈಕೆಳಗೆ ಈಗಾಗಲೇ ಪದವಿ ಪಡೆದ ಇಬ್ಬರ ಪ್ರಬಂಧಗಳನ್ನು ಶೋಧಗಂಗಾ ಎಂಬ ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ ತೆರೆದು ಓದಿ. ಎರಡೂ ಒಂದೇ ಅಚ್ಚಿನಲ್ಲಿದ್ದರೆ ನಿಮ್ಮದೂ ಅದೇ ಅಚ್ಚಿಗೆ ಹೋಗುತ್ತದೆ. ಬೇರೆ ಬೇರೆಯಾಗಿದ್ದರೆ ಅವರು ವಿದ್ಯಾರ್ಥಿಯ ಮಾತು ಕೇಳುವವರು.

ಭದ್ರಾ ನಾಲೆ

ಎರಡು ವಾರ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ. ಎಣಿಕೆ ಮೇಡಂ ಕೇಳಿದ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ಮೊದಲ ದಿನ ಸಿಟ್ಟು ಬಂತು, ಒಪ್ಪಿಕೊಳ್ಳುತ್ತೇನೆ.

ಓದುತ್ತಾ ಹೋದಾಗ 1960ರ ದಶಕದ ಕ್ರಾನ್‌ಫೀಲ್ಡ್ ಪ್ರಯೋಗಗಳು ಸಿಕ್ಕವು. ನೆಟ್ ಪರೀಕ್ಷೆಗೆ ಇದನ್ನು ಒಂದು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿದ್ದೆ, ಏನೆಂದು ಈಗ ತಿಳಿಯಿತು. ಇಂಗ್ಲೆಂಡಿನ ಸಿರಿಲ್ ಕ್ಲೆವರ್‌ಡನ್ ಒಂದು ದಾಖಲೆ ಸಂಗ್ರಹ ಇಟ್ಟುಕೊಂಡು, ಪ್ರಶ್ನೆಗಳ ಪಟ್ಟಿ ಮಾಡಿ, ಯಾವ ಪ್ರಶ್ನೆಗೆ ಯಾವ ದಾಖಲೆ ನಿಜವಾಗಿ ಉತ್ತರ ಎಂದು ತಿಳಿದವರಿಂದ ಗೊತ್ತುಮಾಡಿಸಿ, ಆಮೇಲೆ ಬೇರೆ ಬೇರೆ ಸೂಚಿಕರಣ ಪದ್ಧತಿಗಳನ್ನು ಪರೀಕ್ಷಿಸಿದರು. ಸಿಗಬೇಕಾದುದರಲ್ಲಿ ಎಷ್ಟು ಸಿಕ್ಕಿತು, ಸಿಕ್ಕಿದ್ದರಲ್ಲಿ ಎಷ್ಟು ಬೇಕಾದುದು, ಈ ಎರಡು ಅಳತೆಗಳು.

ಅದನ್ನೇ ಕನ್ನಡಕ್ಕೆ ಏಕೆ ಮಾಡಬಾರದು? ಎರಡು ಕನ್ನಡ ವಿಭಾಗಗಳ ಪ್ರಬಂಧಗಳ ವಿವರ ತೆಗೆದುಕೊಳ್ಳುವುದು. ಕನ್ನಡ ಸಂಶೋಧನಾ ವಿದ್ಯಾರ್ಥಿಗಳು ನಿಜವಾಗಿ ಕೇಳುವ ಪ್ರಶ್ನೆಗಳನ್ನು ಕೂಡಿಸುವುದು. ಈಗಿರುವ ವಿವರಗಳಲ್ಲಿ ಒಮ್ಮೆ ಹುಡುಕುವುದು, ಸಂಕೇತ ಒಂದುಗೂಡಿಸಿ ಇನ್ನೊಮ್ಮೆ, ಹೆಸರುಗಳ ಅಥಾರಿಟಿ ಫೈಲ್ ಸೇರಿಸಿ ಮತ್ತೊಮ್ಮೆ, ವಿಷಯಪದಗಳನ್ನು ಹೊಂದಿಸಿ ಕೊನೆಗೊಮ್ಮೆ. ಪ್ರತಿ ಹಂತದಲ್ಲೂ ಅಳೆಯುವುದು. ಯಾವ ಹಂತದಿಂದ ಓದುಗರಿಗೆ ಹೆಚ್ಚು ಸಿಗುತ್ತದೆ ಎಂಬುದು ನನ್ನ ಪ್ರಶ್ನೆ. ನಾನು ಹೆಸರು ಎಂದುಕೊಂಡಿದ್ದೇನೆ, ಆದರೆ ಅದು ತಪ್ಪಾಗಲೂಬಹುದು.

ಎಣಿಕೆ

ಇದು ಪ್ರಶ್ನೆ. ತಪ್ಪಾಗಬಹುದು ಎಂದಿರಲ್ಲ, ಅದನ್ನು ಓದಿ ಖುಷಿಯಾಯಿತು. ಯಾವುದು ಸರಿಯುತ್ತರ ಎಂದು ಗೊತ್ತುಮಾಡುವವರು ಕನಿಷ್ಠ ಇಬ್ಬರಿರಲಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯದಿರಲಿ. ಇಬ್ಬರೂ ಎಷ್ಟರಮಟ್ಟಿಗೆ ಒಪ್ಪುತ್ತಾರೆ ಎಂಬುದನ್ನೂ ಅಳೆಯಿರಿ. ಸಾಹಿತ್ಯದ ವಿಷಯದಲ್ಲಿ ಅವರು ಕಡಿಮೆ ಒಪ್ಪುತ್ತಾರೆಂದು ನನ್ನ ಊಹೆ, ಅದೇ ಒಂದು ಅಧ್ಯಾಯವಾದೀತು.

ನಿಮ್ಮ ಪ್ರಬಂಧಗಳ ಗ್ರಂಥಋಣ ಪುಟಗಳನ್ನೂ ಬಿಡಬೇಡಿ. ಕನ್ನಡದ ಪ್ರಬಂಧಗಳು ಯಾರನ್ನು ಉಲ್ಲೇಖಿಸುತ್ತವೆ ಎಂಬುದನ್ನು ದೊಡ್ಡ ವಿದೇಶಿ ಉಲ್ಲೇಖ ಸೂಚಿಗಳಲ್ಲಿ ಹುಡುಕಿದರೆ ಸಿಗುವುದು ಅತ್ಯಲ್ಪ. ಕನ್ನಡದ ವಿದ್ವತ್ತಿನಲ್ಲಿ ಯೋಚನೆ ಯಾರಿಂದ ಯಾರಿಗೆ ಹರಿಯಿತು ಎಂದು ತೋರಿಸುವ ನಕ್ಷೆ ನನಗೆ ಬೇಕು. ಅದನ್ನು ಬರೆಯಲು ಹೆಸರುಗಳು ಮೊದಲು ಹೊಂದಬೇಕು. ನಿಮ್ಮ ಕೆಲಸ ಮುಗಿಯುವವರೆಗೆ ನನ್ನ ಎಣಿಕೆ ಶುರುವಾಗುವುದಿಲ್ಲ.

ಹಳೆಯ ಸೂಚಿಕಾರ

ವಿಷಯಪದದ ಬಗ್ಗೆ ಒಂದು ಆಕ್ಷೇಪಣೆ. ಮೊದಲ ಬರಹದಲ್ಲಿ ‘ವಚನ ಸಾಹಿತ್ಯ’ವನ್ನೂ ‘ಶರಣ ಸಾಹಿತ್ಯ’ವನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ಅವು ಒಂದೇ ಅಲ್ಲ. ಶರಣರ ಬಗ್ಗೆ ಬರೆದ ಪುರಾಣ, ಶೂನ್ಯಸಂಪಾದನೆ, ರಗಳೆ ಎಲ್ಲವನ್ನೂ ‘ವಚನ’ದ ಹೊಟ್ಟೆಯೊಳಗೆ ತುರುಕಿದರೆ ಕನ್ನಡ ಓದಿದವರು ನಿಮ್ಮನ್ನು ಕ್ಷಮಿಸುವುದಿಲ್ಲ. ‘ದಾಸ ಸಾಹಿತ್ಯ’ದಿಂದ ‘ಹರಿದಾಸ ಸಾಹಿತ್ಯ’ಕ್ಕೆ ‘ನೋಡಿ’ ಹಾಕಬಹುದು. ವಚನದಿಂದ ಶರಣಕ್ಕೆ ‘ಇದನ್ನೂ ನೋಡಿ’ ಮಾತ್ರ. ಈ ‘ಊ’ಕಾರಕ್ಕಾಗಿ ನಾವು ವಿಭಾಗದಲ್ಲಿ ಮಧ್ಯಾಹ್ನವಿಡೀ ವಾದಿಸಿದ್ದುಂಟು.

ಪುಸ್ತಕಗಳಿಗೆ ವಿಷಯಸಂಖ್ಯೆ ಕೊಡುವ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ ಸಿಗುವುದು 894.814, ‘ಇತರ ಸಾಹಿತ್ಯಗಳು’ ಎಂಬ 890ರ ಕೋಣೆಯ ಒಂದು ಮೂಲೆ. ಸಾವಿರ ವರ್ಷದ ಸಾಹಿತ್ಯಕ್ಕೆ ಹೊರಗಿನವರು ಕೊಟ್ಟ ಜಾಗ ಅದು. ಒಳಗಿನ ವಿಭಜನೆಯನ್ನು ಕನ್ನಡ ಬಲ್ಲವರೇ ಮಾಡಬೇಕು. ನಿಮ್ಮ ಪದಪಟ್ಟಿಯನ್ನು ಕನ್ನಡ ಪ್ರಾಧ್ಯಾಪಕರೊಬ್ಬರೊಡನೆ ಕೂತು ಮಾಡಿ. ಸಹ ಮಾರ್ಗದರ್ಶಕರಾಗಿ ಕನ್ನಡ ವಿಭಾಗದವರು ಸಿಗಬಹುದೇ ವಿಚಾರಿಸಿ.

ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ 2000ದ ಸುಮಾರಿಗೆ ‘ವಿದ್ಯಾನಿಧಿ’ ಎಂಬ ಪ್ರಬಂಧಗಳ ಡಿಜಿಟಲ್ ಯೋಜನೆ ಆರಂಭವಾಗಿತ್ತು. ಕನ್ನಡದ ವಿವರಗಳನ್ನು ಯುನಿಕೋಡ್‌ನಲ್ಲಿ ಇಡುವ ಪ್ರಯತ್ನ ಆಗಲೇ ಅಲ್ಲಿ ನಡೆದಿತ್ತು. ಅದರ ಬಗ್ಗೆ ಬಂದ ಲೇಖನಗಳನ್ನು ಓದಿ. ಹಿಂದೆ ಮಾಡಿದವರ ಹೆಗಲ ಮೇಲೆ ನಿಲ್ಲುವುದಕ್ಕೆ ಅವರು ಯಾರೆಂದು ಮೊದಲು ತಿಳಿಯಬೇಕು.

ಹಾವೇರಿ ರಸ್ತೆ

ಸರ್, ‘ವಿದ್ಯಾನಿಧಿ’ಯ ಲೇಖನಗಳನ್ನು ನಾನೂ ಇಂದು ಹುಡುಕಿ ತೆಗೆದೆ. ತಂಗಿ, ಪ್ರತಿ ಬೇಕಾದರೆ ಕಳಿಸುತ್ತೇನೆ. ಬಹಳ ದಿನಗಳ ಮೇಲೆ ಪಾಠಕ್ಕಾಗಿ ಅಲ್ಲದೆ ಏನಾದರೂ ಓದಿದೆ. ನಮ್ಮ ಕಾಲೇಜಿನಲ್ಲೂ ಹಳೆಯ ಎಂ.ಫಿಲ್. ಪ್ರಬಂಧಗಳ ಒಂದು ಕಪಾಟಿದೆ. ಅದರ ಪಟ್ಟಿಯೇ ಇಲ್ಲ. ಬರುವ ಬೇಸಿಗೆಯಲ್ಲಿ ಬರೆಯುತ್ತೇನೆ.

ಉತ್ತರ ಸಮುದ್ರ

ಮರೆಯುವ ಮುಂಚೆ ಒಂದು ಎಚ್ಚರಿಕೆ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಕೂಡಿಸುವಾಗ ಅವರ ಹೆಸರು, ಮೊಬೈಲ್ ಸಂಖ್ಯೆ ಬರೆದುಕೊಳ್ಳಬೇಡಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಭಾರತದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಇದ್ದರೂ ಷರತ್ತಿನ ಮೇಲೆ. ಯಾರು ಏನನ್ನು ಹುಡುಕಿದರು ಎಂಬುದು ಅವರ ಮನಸ್ಸಿನ ಒಳಗಿನ ಮಾತು, ಹಳೆಯ ಗ್ರಂಥಪಾಲಕರು ಅದನ್ನು ಕಾನೂನು ಬರುವ ಮೊದಲೇ ಕಾಯ್ದುಕೊಂಡು ಬಂದಿದ್ದರು.

ಭದ್ರಾ ನಾಲೆ

ನಿನ್ನೆ ಮಾರ್ಗದರ್ಶಕರನ್ನು ಕಂಡೆ. ಎರಡನೆಯ ಬೆಂಚು ಮೇಡಂ ಹೇಳಿದಂತೆ ಮೊದಲೇ ಅವರ ಇಬ್ಬರು ವಿದ್ಯಾರ್ಥಿಗಳ ಪ್ರಬಂಧ ಓದಿಕೊಂಡು ಹೋಗಿದ್ದೆ. ಒಂದು ಅಚ್ಚಿನದೇ, ಇನ್ನೊಂದು ಬೇರೆ. ಆ ಬೇರೆಯದರ ಬಗ್ಗೆಯೇ ಮಾತು ತೆಗೆದೆ. ಅವರ ಮುಖ ಅರಳಿತು. ನನ್ನ ಎರಡು ಪುಟದ ಟಿಪ್ಪಣಿಯನ್ನು ಅಲ್ಲಿಯೇ ಓದಿದರು. ಎರಡು ವಿಭಾಗ ಬೇಡ, ಒಂದೇ ಸಾಕು, ಇಲ್ಲದಿದ್ದರೆ ಮುಗಿಯುವುದಿಲ್ಲ ಎಂದರು. ಕನ್ನಡ ವಿಭಾಗದಿಂದ ಸಹ ಮಾರ್ಗದರ್ಶಕರ ವಿಷಯ ವಿಚಾರಿಸುತ್ತೇನೆ ಎಂದರು. ಗ್ರಂಥಋಣದ ಉಲ್ಲೇಖಗಳ ಮೇಲೆ ಒಂದು ಅಧ್ಯಾಯ ಇರಲೇಬೇಕೆಂದೂ ಹೇಳಿದರು. ಎಣಿಕೆ ಮೇಡಂ, ನಿಮ್ಮ ನಕ್ಷೆಯ ಒಂದು ಮೂಲೆ ಅದರಲ್ಲಿ ಬರಬಹುದು.

ಹಣದ ಚಿಂತೆ ಹಾಗೆಯೇ ಇದೆ. ಕಾಲೇಜಿನ ಕೆಲಸ ಬಿಡದೆ ಡಿಸೆಂಬರ್ ಪರೀಕ್ಷೆ ಬರೆಯುತ್ತೇನೆ. ಅಪ್ಪ ಒಂದು ಬೆಳೆ ನೋಡೋಣ ಎಂದಿದ್ದಾರೆ. ಅವರ ಬಾಯಲ್ಲಿ ಅದು ಒಪ್ಪಿಗೆ.

ಅರ್ಕಾವೊತ್ತು ಸರ್ ಜೊತೆ ಮೂರು ಭಾನುವಾರ ಪಾಠವಾಯಿತು. ಹೆಸರುಗಳ ಪಟ್ಟಿ ಶುರುಮಾಡಿದ್ದೇನೆ, ಮೊದಲ ದಿನವೇ ಸಿಕ್ಕಿಕೊಂಡೆ. ಪ್ರಬಂಧದ ಶೀರ್ಷಿಕೆಗಳಲ್ಲಿ ‘ಶ್ರೀನಿವಾಸ’ ಎಂದು ಬರುತ್ತದೆ. ಒಂದು ಕಡೆ ಅದು ಮಾಸ್ತಿಯವರ ಕಾವ್ಯನಾಮ, ಇನ್ನೊಂದು ಕಡೆ ಬೇರೆ ಯಾರೋ ಲೇಖಕರು. ಹಳೆಯ ಸೂಚಿಕಾರ ಸರ್, ಇದನ್ನು ಹೇಗೆ ದಾಖಲಿಸುತ್ತಿದ್ದಿರಿ?

ಹಳೆಯ ಸೂಚಿಕಾರ

ಮುಖ್ಯ ನಮೂದು ‘ಮಾಸ್ತಿ ವೆಂಕಟೇಶ ಅಯ್ಯಂಗಾರ್, 1891–1986’. ಓದುಗರು ಹೆಚ್ಚು ಬಲ್ಲ ಹೆಸರು ಅದು, ಹುಟ್ಟಿದ ಮತ್ತು ತೀರಿಕೊಂಡ ವರ್ಷ ಬಿಡಬೇಡಿ. ‘ಶ್ರೀನಿವಾಸ (ಮಾಸ್ತಿಯವರ ಕಾವ್ಯನಾಮ)’ದಿಂದ ಅಲ್ಲಿಗೆ ‘ನೋಡಿ’. ಇನ್ನೊಬ್ಬ ಶ್ರೀನಿವಾಸರ ಪುಸ್ತಕ ಕಪಾಟಿನಲ್ಲಿದ್ದರೆ ಒಳಪುಟ, ಮುನ್ನುಡಿ, ಬೆನ್ನುಡಿ ಮೂರನ್ನೂ ಓದಿ. ಊರೋ, ಉದ್ಯೋಗವೋ, ಹುಟ್ಟಿದ ವರ್ಷವೋ ಒಂದಾದರೂ ಸಿಗುತ್ತದೆ. ಎಲ್ಲಿ ಸಿಕ್ಕಿತೆಂದು ಪುಟಸಂಖ್ಯೆ ಸಹಿತ ಬರೆದಿಡಿ. ಸಿಗದಿದ್ದರೆ ಅವರನ್ನು ಯಾರ ಜೊತೆಗೂ ಸೇರಿಸಬೇಡಿ, ಸದ್ಯಕ್ಕೆ ಬೇರೆಯಾಗಿಯೇ ಇರಲಿ.